ದಮ್ಮಿನ ಮಷೀನ್ ಬಂತು, ಧೈರ್ಯ ಹೇಳುವವರು ಯಾರು?

ಕಲಬುರಗಿಯ ಸೇಡಂ ರಸ್ತೆ ಅಂದರೆ ಈಗ ದವಾಖಾನೆ ರಸ್ತೆ. ಜಿಮ್ಸ್ ಇಲ್ಲೇ ಇದೆ, ಇಎಸ್‌ಐ ಮೆಡಿಕಲ್ ಕಾಲೇಜೂ ಇಲ್ಲೇ. ಇದೇ ರಸ್ತೆ ಹಿಡಿದು ಮುಂದೆ ಹೋದರೆ ಮಳಖೇಡ, ಸೇಡಂ, ಸಿಮೆಂಟ್ ಕಾರ್ಖಾನೆಗಳು. ಊರಿನ ಇನ್ನೊಂದು ಕಡೆ ಇರುವ ಕಮಲಾಪುರದ ರೋಗಿಯೂ ಪೇಟೆ ದಾಟಿ ಇಲ್ಲಿಗೇ ಬರಬೇಕು.

ಹೀಗೆ ಬರುವವರಲ್ಲಿ ದಮ್ಮಿನವರೂ ಇರುತ್ತಾರೆ. ಬೀಡಿ, ಒಲೆಯ ಹೊಗೆ, ವರ್ಷಗಟ್ಟಲೆ ಕುಡಿದ ಧೂಳಿನಿಂದ ಶ್ವಾಸನಾಳ ಕಿರಿದಾಗುವ ಕಾಯಿಲೆಗೆ ಡಾಕ್ಟರು ಸಿಒಪಿಡಿ ಅನ್ನುತ್ತಾರೆ. ಪೂರ್ತಿ ಗುಣವಾಗದು, ಆದರೆ ಹತೋಟಿಗೆ ಬರುತ್ತದೆ. ಅದಕ್ಕೆ ಸೇದುವ ಪಂಪ್ ಇದೆ. ಕಾಯಿಲೆ ಜಾಸ್ತಿಯಾದವರಿಗೆ ಆಕ್ಸಿಜನ್ ಇದೆ, ಮುಖಕ್ಕೆ ಮಾಸ್ಕ್ ಕಟ್ಟಿ ಗಾಳಿ ಒತ್ತುವ ಬೈಪ್ಯಾಪ್ ಮಷೀನ್ ಇದೆ. ಆದರೆ ಮನೆಯಲ್ಲಿ ಕೇಳುವ ಮಾತು ಬೇರೆ. "ಪಂಪಿನ ಚಟಾ ಹತ್ತತದ." "ಮಷೀನ್ ಹಚ್ಚಿದ್ರ ಮುಗೀತು, ಮತ್ತ ಎದ್ದು ಬರಂಗಿಲ್ಲ."

ಇದನ್ನು ಬರೀ ಅಜ್ಞಾನ ಅಂದುಬಿಡುವುದು ಸರಿಯಲ್ಲ. ಭಾರತದಲ್ಲಿ ದೃಢಪಟ್ಟ ಮೊದಲ ಕೊರೊನಾ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯದೇ. 76 ವರ್ಷದ ಹಿರಿಯರು. ಮರುವರ್ಷದ ಎರಡನೇ ಅಲೆಯಲ್ಲಿ ಆಕ್ಸಿಜನ್ ಅನ್ನುವ ಪದ ಸಾವಿನ ಸುದ್ದಿಯ ಜೊತೆಗೇ ಮನೆಮನೆಗೆ ಬಂತು. ಇಷ್ಟನ್ನು ಕಂಡವರು ಮಾಸ್ಕ್ ನೋಡಿ ಹೆದರಿದರೆ ಆಶ್ಚರ್ಯವೇನು?

ಉಸಿರಿನ ಔಷಧಿಯ ಚರಿತ್ರೆ ತೆಗೆದರೆ ಒಂದು ವಿಚಿತ್ರ ಕಾಣುತ್ತದೆ. ನಮ್ಮ ದೇಶದಲ್ಲಿ ಉಬ್ಬಸಕ್ಕೆ ದತ್ತೂರಿಯ ಹೊಗೆ ಸೇದುವ ರೂಢಿ ಇತ್ತು. 1802ರಲ್ಲಿ ಮದ್ರಾಸಿನಿಂದ ಅದು ಇಂಗ್ಲೆಂಡಿಗೆ ಹೋಯಿತು. ಮುಂದೆ ಯುರೋಪಿನಲ್ಲಿ ಉಬ್ಬಸದ ಸಿಗರೇಟುಗಳೇ ಮಾರಾಟವಾದವು. (ದತ್ತೂರಿ ವಿಷ, ಯಾರೂ ಪ್ರಯೋಗ ಮಾಡಬೇಡಿ.) ಕೈಗೆ, ತುಟಿಗೆ ಪರಿಚಯವಿದ್ದ ವಸ್ತುವಾದ್ದರಿಂದ ಜನ ಅದನ್ನು ಸುಲಭವಾಗಿ ಒಪ್ಪಿದರು ಅಂತ ನನಗನಿಸುತ್ತದೆ. ಈಗಿನ ಪಂಪ್ ಹುಟ್ಟಿದ್ದೂ ರೋಗಿಯ ಮಾತಿನಿಂದ. 1955ರಲ್ಲಿ ಅಮೆರಿಕದ ಔಷಧ ಕಂಪನಿಯೊಂದರ ಮುಖ್ಯಸ್ಥ ಜಾರ್ಜ್ ಮೇಸನ್ ಅವರ 13 ವರ್ಷದ ಮಗಳು, "ಕೂದಲಿಗೆ ಹೊಡೆಯುವ ಸ್ಪ್ರೇ ಹಾಗೆ ನನ್ನ ಔಷಧಿ ಯಾಕೆ ಬರುವುದಿಲ್ಲ?" ಅಂತ ಕೇಳಿದಳು. ಮರುವರ್ಷವೇ ಪಂಪ್ ಮಾರುಕಟ್ಟೆಗೆ ಬಂತು.

ಇನ್ನು ಮಷೀನಿನ ಕಥೆ. 1952ರ ಆಗಸ್ಟ್. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿ ಜನರಿಗೆ ಉಸಿರಾಡುವ ಶಕ್ತಿಯೇ ಹೋಗುತ್ತಿತ್ತು. ಇಡೀ ಆಸ್ಪತ್ರೆಗೆ ಉಸಿರಿನ ಮಷೀನುಗಳು ಏಳೇ ಇದ್ದವು. ವಿವಿ ಎಂಬ 12 ವರ್ಷದ ಹುಡುಗಿಯ ಗಂಟಲಿಗೆ ನಳಿಕೆ ಹಾಕಿ, ಚೀಲ ಹಿಂಡಿ ಗಾಳಿ ಕೊಡಲು ಡಾಕ್ಟರ್ ಇಬ್ಸನ್ ಮುಂದಾದರು. ಅವಳು ಒದ್ದಾಡಿದಳು, ಗಾಳಿ ಒಳಗೇ ಹೋಗಲಿಲ್ಲ. ಮಂಪರು ಬರುವ ಔಷಧಿ ಕೊಟ್ಟ ಮೇಲೆ ಮೈ ಸಡಿಲಾಯಿತು, ಗಾಳಿ ಹೋಯಿತು, ಹುಡುಗಿ ಬದುಕಿದಳು. ಆಮೇಲೆ ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಾಸಿಗೆ ಪಕ್ಕ ಕೂತು ಕೈಯಿಂದಲೇ ಚೀಲ ಹಿಂಡಿದರು. ಮಕ್ಕಳಿಗೆ ಕಥೆ ಓದಿದರು, ಆಟ ಆಡಿಸಿದರು. ಇವತ್ತಿನ ಐಸಿಯುಗಳ ಚರಿತ್ರೆ ಶುರುವಾಗುವುದು ಇಲ್ಲಿಂದ. ಮಷೀನ್ ಸಾಕಷ್ಟು ಬಂದ ಮೇಲೆ ಚೀಲ ಹಿಂಡುವ ಕೆಲಸ ತಪ್ಪಿತು. ಅದರ ಜೊತೆಗೆ ಪಕ್ಕದಲ್ಲಿ ಕೂರುವವರೂ ಎದ್ದುಹೋದರು.

1981ರಲ್ಲಿ ಬ್ರಿಟನ್ನಿನ ಡಾಕ್ಟರುಗಳು ಒಂದು ಲೆಕ್ಕ ಪ್ರಕಟಿಸಿದರು. ಆಕ್ಸಿಜನ್ ತೀರಾ ಕಡಿಮೆಯಾಗಿದ್ದ 87 ದಮ್ಮಿನ ರೋಗಿಗಳು. ಮನೆಯಲ್ಲಿ ದಿನಕ್ಕೆ 15 ತಾಸು ಆಕ್ಸಿಜನ್ ಪಡೆದ 42 ಜನರಲ್ಲಿ ಐದು ವರ್ಷದೊಳಗೆ 19 ಮಂದಿ ತೀರಿಕೊಂಡರು. ಪಡೆಯದ 45 ಜನರಲ್ಲಿ 30 ಮಂದಿ. ಅಂದರೆ ಅಂಥವರಿಗೆ ಆಕ್ಸಿಜನ್ ಆಯುಷ್ಯ ಕೊಡುತ್ತದೆ, ಕಳೆಯುವುದಿಲ್ಲ. ಆದರೆ 15 ತಾಸು ಅಂದರೆ ಏನು ಅಂತ ಯೋಚಿಸಿ. ಮೂಗಿನಲ್ಲಿ ನಳಿಕೆ ಇಟ್ಟುಕೊಂಡು ಕಟ್ಟೆಗೆ ಹೋಗಿ ಕೂರುವುದು ಹೇಗೆ, ಮದುವೆಗೆ ಹೋಗುವುದು ಹೇಗೆ? ಔಷಧಿ ಚೀಟಿಯಲ್ಲಿ ಈ ಪ್ರಶ್ನೆಗೆ ಜಾಗ ಇರುವುದಿಲ್ಲ.

ಬೈಪ್ಯಾಪ್ ಇನ್ನೂ ಕಷ್ಟ. ಉಸಿರೇ ಸಿಗದವನ ಬಾಯಿ ಮೂಗು ಮುಚ್ಚಿ ಪಟ್ಟಿ ಬಿಗಿದರೆ ಜೀವ ಹೋದಂತೆ ಆಗುತ್ತದೆ. ಹೆದರಿದರೆ ಉಸಿರು ಇನ್ನೂ ಜೋರಾಗುತ್ತದೆ, ಉಸಿರು ಜೋರಾದಷ್ಟೂ ಹೆದರಿಕೆ ಹೆಚ್ಚುತ್ತದೆ. ಅನುಭವಸ್ಥ ನರ್ಸ್ ಮೊದಲು ಪಟ್ಟಿ ಕಟ್ಟುವುದಿಲ್ಲ. ಮಾಸ್ಕನ್ನು ರೋಗಿಯ ಕೈಗೇ ಕೊಡುತ್ತಾರೆ. ಅವನೇ ಮುಖಕ್ಕೆ ಹಿಡಿದು, ಬೇಡವಾದಾಗ ತೆಗೆಯಲಿ. ಗಾಳಿಯ ಒತ್ತಡ ಕಡಿಮೆಯಿಂದ ಶುರು. "ಏನು ಅಂಜಿಕೆ?" ಅಂತ ಕೇಳಿ, ಉತ್ತರ ಬರುವ ತನಕ ಕಾಯುವುದೂ ಚಿಕಿತ್ಸೆಯೇ. ಮನೆಯವರೂ ಇದನ್ನು ಮಾಡಬಹುದು. ಆಕ್ಸಿಜನ್ ಎಷ್ಟು ಬಿಡಬೇಕು ಅನ್ನುವುದನ್ನು ಮಾತ್ರ ಡಾಕ್ಟರಿಗೇ ಬಿಡಿ, ಈ ಕಾಯಿಲೆಯಲ್ಲಿ ಹೆಚ್ಚಾದರೂ ಅಪಾಯ. ಅದರ ಹತ್ತಿರ ಬೀಡಿ, ಒಲೆ ಬೇಡವೇ ಬೇಡ.

ಮನಸ್ಸಿನ ಚಿಕಿತ್ಸೆ ಹಳ್ಳಿಗೆ ತಲುಪದು ಅನ್ನುವವರು ನಮ್ಮ ಭಾಗದ ಬಳ್ಳಾರಿಯನ್ನು ನೋಡಬೇಕು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟಿತು. ಹೆಚ್ಚು ಓದಿದ ತಜ್ಞರಿಲ್ಲದೆಯೂ ಹಳ್ಳಿಯಲ್ಲಿ ಮಾನಸಿಕ ಕಾಯಿಲೆಗಳಿಗೆ ಆರೈಕೆ ಸಿಕ್ಕಿತು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. 2022ರಿಂದ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನಲ್ಲಿ ಪುಕ್ಕಟೆ ಮಾತಾಡಬಹುದು, ಕನ್ನಡದಲ್ಲೇ. ದಮ್ಮಿನ ಭಯಕ್ಕೂ ಮಾಡಬಹುದು, ಹುಚ್ಚು ಹಿಡಿದವರಿಗೆ ಮಾತ್ರ ಅಂತ ಎಲ್ಲೂ ಬರೆದಿಲ್ಲ. ಮುಂದಿನ ಸಲ ಸೇಡಂ ರಸ್ತೆಯಿಂದ ಮಷೀನ್ ಹೊತ್ತು ಊರ ಬಸ್ ಹತ್ತುವ ಮುಂಚೆ ಆ ನಂಬರನ್ನೂ ಚೀಟಿಯ ಹಿಂದೆ ಬರೆದುಕೊಳ್ಳಿ.