ಮಾರಿಯೋನ ಮೀಸೆ, ಏಣಿಯ ತುದಿಯ ಹೆಂಗಸು

ತೊಂಬತ್ತರ ದಶಕದಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದ ಮನೆಗಳಲ್ಲಿ ಬೇಸಿಗೆ ರಜೆ ಎಂದರೆ ಟಿವಿ ಮುಂದೆ ವೈರುಗಳ ಗೋಜಲು. ಮುಂಬಯಿಯ ಚಾಳಿರಲಿ, ಪುಣೆಯ ಸೊಸೈಟಿಯಿರಲಿ, ಪೇಟೆಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ವಿಡಿಯೋ ಗೇಮ್ ಪೆಟ್ಟಿಗೆ, ಅದಕ್ಕೊಂದು ಕ್ಯಾಸೆಟ್. ಒಂದೇ ಕ್ಯಾಸೆಟ್ಟಿನಲ್ಲಿ ನೂರಾರು ಆಟ ಇವೆ ಎಂದು ಬರೆದಿರುತ್ತಿತ್ತು. ಎಷ್ಟೇ ಇರಲಿ, ಮಕ್ಕಳು ಮತ್ತೆ ಮತ್ತೆ ಹಾಕುತ್ತಿದ್ದುದು ಮಾರಿಯೋ. ಆ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಜಪಾನಿನ ನಿಂಟೆಂಡೊ ಕಂಪನಿಯ ಯಂತ್ರದ ನಕಲುಗಳು ಎಂಬುದು ಮಕ್ಕಳಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದುದು ಒಂದೇ ಮಾತು: "ಸಾಕು ಆಫ್ ಮಾಡೋ, ಪಿಕ್ಚರ್ ಟ್ಯೂಬ್ ಹಾಳಾಗುತ್ತೆ!"

ಆ ಮಕ್ಕಳಿಗೆ ಈಗ ನಲವತ್ತರ ಆಸುಪಾಸು. ಪಿಕ್ಚರ್ ಟ್ಯೂಬ್ ಹೋಯಿತು, ಕ್ಯಾಸೆಟ್ ಹೋಯಿತು. ಮಾರಿಯೋ ಮಾತ್ರ ಮೊಮ್ಮಕ್ಕಳ ಟಿ-ಶರ್ಟಿನ ಮೇಲೆ ಈಗಲೂ ಇದ್ದಾನೆ.

ಒಂದು ಕಂಪನಿಯ ಮುಖವಾಗಿ ನಿಲ್ಲುವ ಇಂಥ ಪಾತ್ರಕ್ಕೆ ಮ್ಯಾಸ್ಕಾಟ್ ಅನ್ನುತ್ತಾರೆ. ನಮಗೆ ಇದು ಹೊಸದಲ್ಲ. ಏರ್ ಇಂಡಿಯಾದ ಮಹಾರಾಜ, ಚುಕ್ಕಿ ಫ್ರಾಕಿನ ಅಮುಲ್ ಹುಡುಗಿ, 1982ರ ದೆಹಲಿ ಏಷ್ಯಾಡ್‌ನ ಅಪ್ಪು ಆನೆ ಎಲ್ಲರೂ ಇದೇ ಬಳಗದವರು. ಆದರೆ ಮಹಾರಾಜ ಬಾಗಿ ನಮಸ್ಕರಿಸಿದರೆ ಮುಗಿಯಿತು. ಆಟದ ಮ್ಯಾಸ್ಕಾಟ್ ಓಡಬೇಕು, ಹಾರಬೇಕು, ಯಾರನ್ನೋ ಕಾಪಾಡಬೇಕು. ಮಾರಿಯೋನ ಟೋಪಿ, ಮೀಸೆಗಳ ಬಗ್ಗೆ ಎಷ್ಟೋ ಜನ ಬರೆದಿದ್ದಾರೆ. ಅವನು ಯಾರನ್ನು ಬಿಡಿಸಲು ನಲವತ್ತು ವರ್ಷದಿಂದ ಓಡುತ್ತಿದ್ದಾನೋ, ಆ ಹೆಂಗಸು ಅಷ್ಟು ವರ್ಷ ಏನು ಮಾಡುತ್ತಿದ್ದಳು ಎಂಬುದು ನನ್ನ ಕುತೂಹಲ. ಇಬ್ಬರ ಕಥೆಯೂ ಒಂದೇ ಆಟದಲ್ಲಿ ಶುರುವಾಗುತ್ತದೆ.

ನಿಂಟೆಂಡೊ ಹುಟ್ಟಿದ್ದು 1889ರಲ್ಲಿ, ಕ್ಯೋಟೋ ನಗರದಲ್ಲಿ, ಇಸ್ಪೀಟಿನಂಥ ಹೂವಿನ ಚಿತ್ರದ ಎಲೆಗಳನ್ನು ಮಾಡಿ ಮಾರಲು. ವಿಡಿಯೋ ಗೇಮಿಗೆ ಬಂದದ್ದು ಬಹಳ ತಡವಾಗಿ. 1980ರಲ್ಲಿ ಅದು 'ರಾಡಾರ್ ಸ್ಕೋಪ್' ಎಂಬ ಆಟದ ಯಂತ್ರಗಳನ್ನು ಅಮೆರಿಕಕ್ಕೆ ಕಳಿಸಿತು. ಕಾಸು ಹಾಕಿ, ನಿಂತುಕೊಂಡು ಆಡುವ ಬೀರುವಿನಂಥ ಯಂತ್ರಗಳವು. ಅಲ್ಲಿ ಅದು ನಡೆಯಲಿಲ್ಲ. ಸುಮಾರು 2000 ಯಂತ್ರಗಳು ಗೋದಾಮಿನಲ್ಲೇ ಕುಳಿತವು. ಅಮೆರಿಕದ ಶಾಖೆ ನೋಡಿಕೊಳ್ಳುತ್ತಿದ್ದವರು ಮಿನೋರು ಅರಕಾವಾ, ಕಂಪನಿಯ ಯಜಮಾನ ಹಿರೋಶಿ ಯಮೌಚಿಯ ಅಳಿಯ. ಹಳೇ ಯಂತ್ರದೊಳಗೆ ಹೊಸ ಆಟ ತುಂಬಿ ಕೊಡಿ ಎಂದು ಅವರು ಮಾವನಿಗೆ ಮೊರೆಯಿಟ್ಟರು. ಆ ಕೆಲಸ ಬಿದ್ದದ್ದು ಶಿಗೇರು ಮಿಯಾಮೊಟೊ ಎಂಬ ಯುವಕನ ಹೆಗಲಿಗೆ. ಆತ ಎಂಜಿನಿಯರ್ ಅಲ್ಲ, ಚಿತ್ರಕಾರ. ಆವರೆಗೆ ಒಂದು ಆಟವನ್ನೂ ತಾನೇ ಕಟ್ಟಿದವನಲ್ಲ.

ಮೊದಲು ಅವರು 'ಪಪಾಯ್' ಕಾರ್ಟೂನಿನ ಪಾತ್ರಗಳನ್ನೇ ಬಳಸಬೇಕೆಂದಿದ್ದರು. ಹಕ್ಕು ಸಿಗಲಿಲ್ಲ. ಆದರೆ ಮನಸ್ಸಿನಲ್ಲಿ ಕೂತ ತ್ರಿಕೋನ ಹಾಗೇ ಉಳಿಯಿತು: ದಾಂಡಿಗನೊಬ್ಬ, ಸಣ್ಣ ಆಳೊಬ್ಬ, ನಡುವೆ ಒಬ್ಬ ಹೆಂಗಸು. ದಾಂಡಿಗ ಗೊರಿಲ್ಲಾ ಆದ. ಅದರ ಹೆಸರೇ 1981ರ ಆ ಆಟದ ಹೆಸರು, 'ಡಾಂಕಿ ಕಾಂಗ್'. ಕಟ್ಟುತ್ತಿರುವ ಕಟ್ಟಡದ ಉಕ್ಕಿನ ತೊಲೆಗಳ ತುದಿಯಲ್ಲಿ ಗೊರಿಲ್ಲಾ ಹೆಂಗಸನ್ನು ಹಿಡಿದಿಟ್ಟುಕೊಂಡಿದೆ. ಮೇಲಿಂದ ಪೀಪಾಯಿ ಉರುಳಿಸುತ್ತದೆ. ಕೆಳಗಿನಿಂದ ಒಬ್ಬ ಬಡಗಿ ಏಣಿ ಹತ್ತಿ, ಪೀಪಾಯಿ ಹಾರಿ ಬರಬೇಕು. ಬಡಗಿಗೆ ಆಗ ಸರಿಯಾದ ಹೆಸರೂ ಇಲ್ಲ, 'ಜಂಪ್‌ಮ್ಯಾನ್', ಅಂದರೆ ಹಾರುವ ಮನುಷ್ಯ. ಹೆಂಗಸಿಗೆ ಅದೂ ಇಲ್ಲ. ಜಪಾನಿನಲ್ಲಿ ಅವಳು ಬರೀ 'ಲೇಡಿ'.

ಈ ಬಡಗಿಯ ಮುಖ ಹೇಗೆ ಬಂತು ಎನ್ನುವುದು ರಂಗೋಲಿ ಹಾಕುವವರಿಗೆ ಬೇಗ ಅರ್ಥವಾಗುತ್ತದೆ. ಆತನಿಗೆ ಸಿಕ್ಕ ಜಾಗ 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರ. ಬಣ್ಣ ಮೂರೇ ಮೂರು. ಅಷ್ಟು ಚುಕ್ಕಿಯಲ್ಲಿ ತಾವರೆ ಬಿಡಿಸಬಹುದು, ಮನುಷ್ಯನ ಮುಖ ಬಿಡಿಸಿ ನೋಡಿ! ಬಾಯಿ ಬರೆದರೆ ಅದು ಬಾಯಿ ಎಂದು ತಿಳಿಯುವುದಿಲ್ಲ. ಅದಕ್ಕೇ ದಪ್ಪ ಮೂಗು, ಅದರ ಕೆಳಗೆ ಮೀಸೆ, ಬಾಯಿಯ ಗೊಡವೆಯೇ ಬೇಡ. ಹಾರುವಾಗ ಕೂದಲು ಅಲುಗಾಡುವುದನ್ನು ತೋರಿಸಲಾಗದು, ಅದಕ್ಕೆ ಟೋಪಿ. ಓಡುವಾಗ ಕೈ ಬೀಸುವುದು ಕಾಣಬೇಕು, ಅದಕ್ಕೆ ಅಂಗಿಗೊಂದು ಬಣ್ಣ, ಭುಜಕ್ಕೆ ಪಟ್ಟಿಯಿರುವ ಕೆಲಸಗಾರರ ಓವರಾಲ್‌ಗೆ ಇನ್ನೊಂದು. ಅಭಾವದಲ್ಲಿ ಹುಟ್ಟಿದ ಈ ಮೂರು ಗುರುತುಗಳನ್ನು ಲಕ್ಷಗಟ್ಟಲೆ ಚುಕ್ಕಿಗಳು ಸಿಕ್ಕ ಮೇಲೂ ಯಾರೂ ತೆಗೆದಿಲ್ಲ.

ಹೊಸ ಆಟದ ಸರ್ಕ್ಯೂಟ್ ಬೋರ್ಡುಗಳು ಅಮೆರಿಕಕ್ಕೆ ಬಂದಾಗ ಅವನ್ನು ಹಳೇ ಯಂತ್ರಗಳಿಗೆ ಜೋಡಿಸಿದ್ದು ಬೆರಳೆಣಿಕೆಯ ಜನ. ಅವರಲ್ಲಿ ಅರಕಾವಾ ಅವರ ಹೆಂಡತಿ ಯೋಕೋ ಕೂಡ ಒಬ್ಬರು. ಕಂಪನಿ ಯಜಮಾನನ ಮಗಳು ಗೋದಾಮಿನಲ್ಲಿ ಕೂತು 2000 ಯಂತ್ರ ಬಿಚ್ಚಿ ಜೋಡಿಸುವ ಕೆಲಸಕ್ಕೆ ಕೈಹಾಕಿದ್ದು ಮಾರಿಯೋ ಚರಿತ್ರೆಯಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಗೋದಾಮಿನ ಮಾಲೀಕ ಮಾರಿಯೋ ಸೆಗಾಲೆ. ಬಾಡಿಗೆ ಬಾಕಿ ಕೇಳಲು ಬಂದು ಕೂಗಾಡಿದ ಎಂಬ ಕಥೆ ಇದೆ. ಹೇಗಾದರೂ ಇರಲಿ, ಬಡಗಿಗೆ ಹೆಸರು ಬಂದದ್ದು ಅವನಿಂದ. ಹೆಂಗಸಿಗೆ 'ಪಾಲಿನ್' ಎಂಬ ಹೆಸರು ಬಂದದ್ದು ಗೋದಾಮು ನೋಡಿಕೊಳ್ಳುತ್ತಿದ್ದ ಡಾನ್ ಜೇಮ್ಸ್ ಅವರ ಹೆಂಡತಿ ಪಾಲಿಯಿಂದ.

ಮುಂದಿನ ವರ್ಷವೇ, 1982ರಲ್ಲಿ, ಮಾರಿಯೋ ಖಳನಾದ. 'ಡಾಂಕಿ ಕಾಂಗ್ ಜೂನಿಯರ್' ಆಟದಲ್ಲಿ ಅವನು ಗೊರಿಲ್ಲಾವನ್ನು ಬೋನಿಗೆ ಹಾಕಿ ಕಾಯುತ್ತಾನೆ, ಮರಿ ಗೊರಿಲ್ಲಾ ಅಪ್ಪನನ್ನು ಬಿಡಿಸಲು ಬರುತ್ತದೆ. ಆ ಮುಖವನ್ನು ಕಂಪನಿ ಮತ್ತೆ ಹೆಚ್ಚು ನೆನಪಿಸಲಿಲ್ಲ. 1983ರಲ್ಲಿ ತಮ್ಮ ಲುಯಿಜಿ ಜೊತೆಯಾದ, ನೆಲದಡಿಯ ಚರಂಡಿ ಪೈಪುಗಳಲ್ಲಿ ಆಟ ನಡೆಯಿತು, ಹಾಗಾಗಿ ಬಡಗಿ ಪ್ಲಂಬರ್ ಆದ. ಪಾಲಿನ್ ಎಲ್ಲಿ ಹೋದಳು? ಯಾರೂ ಕೇಳಲಿಲ್ಲ.

ನಮ್ಮ ಮಕ್ಕಳು ಆಡಿದ 'ಸೂಪರ್ ಮಾರಿಯೋ ಬ್ರದರ್ಸ್' ಬಂದದ್ದು 1985ರ ಸೆಪ್ಟೆಂಬರಿನಲ್ಲಿ. ಇಡೀ ಆಟದ ಗಾತ್ರ 40 ಕಿಲೋಬೈಟ್. ಇಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರ ಇದಕ್ಕಿಂತ ದೊಡ್ಡದಿರುತ್ತದೆ. ಅದರಲ್ಲೇ 8 ಲೋಕ, 32 ಹಂತ, ಕೋಜಿ ಕೊಂಡೊ ಅವರ ಸಂಗೀತ. ಉಳಿತಾಯ ಎಷ್ಟಿತ್ತೆಂದರೆ ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಹಳೇ ಸೀರೆಯನ್ನು ಕಿಟಕಿ ಪರದೆ ಮಾಡಿದವರಿಗೆ ಈ ಬುದ್ಧಿವಂತಿಕೆ ಮೆಚ್ಚುಗೆಯಾಗದೆ ಇರದು.

ಈ ಸಲ ಹೊತ್ತೊಯ್ದವನು ಬೌಸರ್ ಎಂಬ ಆಮೆ ರಾಜ, ಸೆರೆಯಾದವಳು ರಾಜಕುಮಾರಿ ಪೀಚ್. ಕಷ್ಟಪಟ್ಟು ಕೋಟೆ ಗೆದ್ದರೆ ಅಣಬೆ ತಲೆಯ ಸೇವಕನೊಬ್ಬ ಎದುರಾಗಿ, ರಾಜಕುಮಾರಿ ಇಲ್ಲಿಲ್ಲ, ಬೇರೆ ಕೋಟೆಯಲ್ಲಿದ್ದಾಳೆ ಎನ್ನುತ್ತಾನೆ. ಹೀಗೆ ಏಳು ಸಲ. ಎಂಟನೆಯದರಲ್ಲಿ ಅವಳು ಸಿಗುತ್ತಾಳೆ, ಧನ್ಯವಾದ ಹೇಳುತ್ತಾಳೆ. ಅವಳ ಪಾತ್ರ ಅಷ್ಟೇ. ತನ್ನದೇ ರಾಜ್ಯದ ಒಡತಿ ಎನ್ನುವುದನ್ನು ಆಟದ ಕೈಪಿಡಿ ಓದಿದವರು ಮಾತ್ರ ತಿಳಿಯಬೇಕಿತ್ತು.

ಅವಳು ಮೊದಲು ಓಡಿದ್ದು ಒಂದು ಆಕಸ್ಮಿಕದಿಂದ. ಜಪಾನಿನಲ್ಲಿ ಬಂದ ಎರಡನೇ ಭಾಗ ಅಮೆರಿಕದ ಮಕ್ಕಳಿಗೆ ತೀರಾ ಕಷ್ಟ ಎಂದು ಕಂಪನಿಗೆ ಅನ್ನಿಸಿತು. ಬದಲಿಗೆ 'ಡೋಕಿ ಡೋಕಿ ಪ್ಯಾನಿಕ್' ಎಂಬ ಬೇರೆಯೇ ಆಟವನ್ನು ತೆಗೆದುಕೊಂಡು ಮುಖಗಳನ್ನು ಬದಲಿಸಿ 1988ರಲ್ಲಿ ಅಲ್ಲಿ ಬಿಟ್ಟರು. ಮೂಲ ಆಟದಲ್ಲಿದ್ದುದು ನಾಲ್ಕು ಜನರ ಒಂದು ಸಂಸಾರ. ನಾಲ್ಕು ಪಾತ್ರ ಬೇಕಾದ್ದರಿಂದ ರಾಜಕುಮಾರಿಗೂ ಜಾಗ ಸಿಕ್ಕಿತು. (ಅಮ್ಮನ ಜಾಗಕ್ಕೆ ಬಂದವನು ಲುಯಿಜಿ, ಅದು ನನಗೆ ಬಹಳ ಇಷ್ಟವಾದ ಸಂಗತಿ.) ಪೀಚ್ ಹಾರಿದರೆ ಅದೇ ಉದ್ದ ಲಂಗದಲ್ಲಿ ಕ್ಷಣಕಾಲ ಗಾಳಿಯಲ್ಲಿ ತೇಲುತ್ತಿದ್ದಳು. ಹೊಂಡ ದಾಟಲು ಅವಳಷ್ಟು ಅನುಕೂಲದವರು ಬೇರೆ ಇರಲಿಲ್ಲ. ಆದರೂ ಮುಂದಿನ ಮುಖ್ಯ ಆಟಗಳಲ್ಲಿ ಮತ್ತೆ ಸೆರೆಮನೆ.

ಈ ನಡುವೆ ಮಾರಿಯೋ ಬೆಳೆಯುತ್ತಲೇ ಹೋದ. ಕೆಂಪು ಓವರಾಲ್ ನೀಲಿಯಾಯಿತು, ಅಂಗಿ ಕೆಂಪಾಯಿತು. ಯೋಯಿಚಿ ಕೊಟಾಬೆ ಎಂಬ ಅನುಭವಿ ಅನಿಮೇಟರ್ 1985ರ ಸುಮಾರಿಗೆ ನಿಂಟೆಂಡೊ ಸೇರಿ ಮಾರಿಯೋ, ಪೀಚ್, ಬೌಸರ್ ಎಲ್ಲರ ರೇಖೆಗಳನ್ನು ತಿದ್ದಿ ದುಂಡಗೆ ಮಾಡಿದರು. 'ಹೈಡಿ' ಕಾರ್ಟೂನ್ ಧಾರಾವಾಹಿಯ ಪಾತ್ರಗಳನ್ನು ರೂಪಿಸಿದ್ದೂ ಇವರೇ. ಇವರ ಹೆಂಡತಿ ರೇಯಿಕೊ ಒಕುಯಾಮಾ ಕೂಡ ಹೆಸರಾಂತ ಅನಿಮೇಟರ್, ಮದುವೆಯಾಗಿ ತಾಯಿಯಾದ ಮೇಲೂ ಸ್ಟುಡಿಯೋ ಬಿಡಲು ಒಪ್ಪದ ಗಟ್ಟಿಗಿತ್ತಿ. 1988ರ ಮೂರನೇ ಭಾಗದಲ್ಲಿ ಮಾರಿಯೋಗೆ ಬಾಲ ಬಂತು, ಹಾರಿದ. 1990ರಲ್ಲಿ ಯೋಶಿ ಎಂಬ ಹಸಿರು ಡೈನೋಸಾರ್ ಏರಿದ. 1991ರಲ್ಲಿ ಸೇಗಾ ಕಂಪನಿ ಸೋನಿಕ್ ಎಂಬ ನೀಲಿ ಮುಳ್ಳುಹಂದಿಯನ್ನು ಎದುರು ನಿಲ್ಲಿಸಿ ಪೈಪೋಟಿಗಿಳಿಯಿತು. ಕೊನೆಗೆ 2007ರಲ್ಲಿ ಇಬ್ಬರೂ ಒಂದೇ ಒಲಿಂಪಿಕ್ ಆಟದಲ್ಲಿ ಜೊತೆಯಾಗಿ ಓಡಿದರು.

ದೊಡ್ಡ ತಿರುವು 1996ರ 'ಸೂಪರ್ ಮಾರಿಯೋ 64'. ಕಾಗದದಂತೆ ಚಪ್ಪಟೆಯಿದ್ದವನಿಗೆ ಹಿಂದು ಮುಂದು ಬಂತು. ನಾಲ್ಕೂ ದಿಕ್ಕಿಗೆ ಓಡಬಲ್ಲ, ಪಲ್ಟಿ ಹೊಡೆಯಬಲ್ಲ. ಚಾರ್ಲ್ಸ್ ಮಾರ್ಟಿನೆ ಎಂಬ ನಟ ಕೊಟ್ಟ ಕೀರಲು ಉತ್ಸಾಹದ ದನಿ 2023ರವರೆಗೂ ಮಾರಿಯೋನ ದನಿಯಾಗಿತ್ತು. ಪೀಚ್? ಈ ಆಟ ಶುರುವಾಗುವುದೇ ಅವಳ ಪತ್ರದಿಂದ. ಕೇಕ್ ಮಾಡಿದ್ದೇನೆ, ಅರಮನೆಗೆ ಬಾ ಎಂದು. ಅವನು ಬರುವಷ್ಟರಲ್ಲಿ ಅವಳು ಗೋಡೆಯೊಳಗೆ ಬಂದಿ.

2005ರಲ್ಲಿ ಕೊನೆಗೂ ಅವಳದೇ ಹೆಸರಿನ ಆಟ ಬಂತು, 'ಸೂಪರ್ ಪ್ರಿನ್ಸೆಸ್ ಪೀಚ್'. ಇದರಲ್ಲಿ ಮಾರಿಯೋ, ಲುಯಿಜಿ ಸೆರೆಯಾಗುತ್ತಾರೆ, ಕೊಡೆ ಹಿಡಿದು ಹೊರಡುವವಳು ಪೀಚ್. ಓದಿ ಖುಷಿಪಡುವಷ್ಟರಲ್ಲಿ ಅವಳ ಶಕ್ತಿಗಳ ಪಟ್ಟಿ ಕಣ್ಣಿಗೆ ಬೀಳುತ್ತದೆ: ಸಂತೋಷ, ಸಿಟ್ಟು, ದುಃಖ, ಶಾಂತಿ. ಸಿಟ್ಟು ಬಂದರೆ ಮೈಯೆಲ್ಲ ಬೆಂಕಿ. ದುಃಖವಾದರೆ ಕಣ್ಣೀರು ಧಾರೆಯಾಗಿ ಹರಿದು ಗಿಡ ಬೆಳೆಯುತ್ತದೆ. ಮಾರಿಯೋಗೆ ಬೆಂಕಿ ಬರಲು ಒಂದು ಹೂವು ಸಾಕಿತ್ತು, ಅವನು ಯಾವತ್ತೂ ಅದಕ್ಕಾಗಿ ಕೆರಳಬೇಕಾಗಿರಲಿಲ್ಲ. ಹೆಂಗಸಿಗೆ ಬಲ ಎಂದರೆ ಮನಸ್ಸಿನ ಏರಿಳಿತವೇ ಎಂದು ತೀರ್ಮಾನಿಸಿದವರು ಯಾರೋ! ಆಟ ಚೆನ್ನಾಗಿದೆ ಎಂದು ಆಡಿದವರು ಹೇಳುತ್ತಾರೆ, ನನಗೆ ಮಾತ್ರ ಈ ಲೆಕ್ಕ ಜೀರ್ಣವಾಗಿಲ್ಲ.

2009ರಲ್ಲಿ ನಾಲ್ವರು ಒಟ್ಟಿಗೆ ಆಡುವ ಮಾರಿಯೋ ಆಟ ಬಂದಾಗ ಮೂರನೆಯ, ನಾಲ್ಕನೆಯ ಪಾತ್ರವಾಗಿ ಇಬ್ಬರು ಅಣಬೆ ಸೇವಕರು ಬಂದರು, ಬರೀ ಬಣ್ಣ ಬೇರೆ. ಪೀಚ್ ಯಾಕಿಲ್ಲ ಎಂದು ಕೇಳಿದ್ದಕ್ಕೆ ಮಿಯಾಮೊಟೊ ಕೊಟ್ಟ ಕಾರಣಗಳಲ್ಲಿ ಅವಳ ಲಂಗವೂ ಒಂದು. ಅದು ಅಲುಗಾಡುವುದಕ್ಕೆ ಬೇರೆಯೇ ಪ್ರೋಗ್ರಾಮಿಂಗ್ ಬೇಕಾಗುತ್ತದಂತೆ. ಇಪ್ಪತ್ತೊಂದು ವರ್ಷ ಹಿಂದೆ ಅದೇ ಲಂಗದಲ್ಲಿ ಗಾಳಿಯಲ್ಲಿ ತೇಲಿದವಳು! ಮೀಸೆಗೆ ದಾರಿ ಹುಡುಕಿದ ಜಾಣತನ ಲಂಗಕ್ಕೆ ದಾರಿ ಹುಡುಕಲು 2013ರವರೆಗೆ ಕಾಯಬೇಕಾಯಿತು. ಆ ವರ್ಷದ 'ಸೂಪರ್ ಮಾರಿಯೋ 3ಡಿ ವರ್ಲ್ಡ್'ನಲ್ಲಿ ಅವಳು ಮತ್ತೆ ಸರಿಸಮವಾಗಿ ಓಡಿದಳು.

ಮಾರಿಯೋ ಅಷ್ಟರಲ್ಲಿ ಕಂಪನಿಯ ಮುಖ ಮಾತ್ರವಲ್ಲ, ದೇಶದ ಮುಖವೂ ಆಗಿದ್ದ. 2016ರ ರಿಯೋ ಒಲಿಂಪಿಕ್ಸ್ ಸಮಾರೋಪದಲ್ಲಿ ಜಪಾನಿನ ಪ್ರಧಾನಿ ಶಿಂಜೊ ಅಬೆ ಹಸಿರು ಪೈಪಿನೊಳಗಿಂದ ಮಾರಿಯೋ ವೇಷದಲ್ಲಿ ಮೇಲೆದ್ದು ಬಂದದ್ದನ್ನು ನಮ್ಮಲ್ಲೂ ಹಲವರು ಟಿವಿಯಲ್ಲಿ ನೋಡಿದ್ದೀರಿ.

ಮುಂದಿನ ವರ್ಷ 'ಸೂಪರ್ ಮಾರಿಯೋ ಒಡಿಸ್ಸಿ' ಬಂತು. ಬೌಸರ್ ಪೀಚ್‌ಳನ್ನು ಬಲವಂತವಾಗಿ ಮದುವೆಯಾಗಲು ಹೊರಟಿದ್ದಾನೆ. ಮಾರಿಯೋ ಎಂದಿನಂತೆ ಗೆಲ್ಲುತ್ತಾನೆ. ಆಮೇಲೆ ಇಬ್ಬರೂ ಹೂವು ಹಿಡಿದು ಅವಳ ಮುಂದೆ ನಿಲ್ಲುತ್ತಾರೆ, ನನ್ನದನ್ನು ತಗೋ, ನನ್ನದನ್ನು ತಗೋ ಎಂದು ಒಬ್ಬರನ್ನೊಬ್ಬರು ತಳ್ಳಾಡುತ್ತಾರೆ. ಅವಳು ಇಬ್ಬರನ್ನೂ ಬೇಡವೆಂದು ಹೇಳಿ ಹಡಗಿನತ್ತ ನಡೆದುಬಿಡುತ್ತಾಳೆ. ಆಟ ಮುಗಿದ ಮೇಲೂ ತಿರುಗಾಡಿದರೆ, ಅವಳು ಲೋಕ ಸುತ್ತುತ್ತಾ ಒಂದೊಂದು ಊರಿನಲ್ಲಿ ಸಿಗುತ್ತಾಳೆ.

ಅದೇ ಆಟದಲ್ಲಿ 'ನ್ಯೂ ಡಾಂಕ್ ಸಿಟಿ' ಎಂಬ ನಗರವಿದೆ. ಅದರ ಮೇಯರ್ ಪಾಲಿನ್. ಹೌದು, 1981ರ ಏಣಿಯ ತುದಿಯವಳೇ. ನಗರಕ್ಕೆ ಕರೆಂಟು ಹೋಗಿದೆ, ಸರಿ ಮಾಡಿಸಲು ಮಾರಿಯೋಗೆ ಕೆಲಸ ಹಚ್ಚುವವಳು ಅವಳು. ಉತ್ಸವಕ್ಕೆ ವಾದ್ಯದವರನ್ನು ಹುಡುಕಿ ತಾ ಎಂದು ಕಳಿಸುವವಳೂ ಅವಳೇ. ಉತ್ಸವದ ದಿನ ಪಾಲಿನ್ ವೇದಿಕೆಯಲ್ಲಿ ಹಾಡುತ್ತಾಳೆ. ಮಾರಿಯೋ ಕಟ್ಟಡಗಳ ಗೋಡೆಯ ಮೇಲೆ ಮತ್ತೆ ಹಳೇ ಚಪ್ಪಟೆ ಚುಕ್ಕಿಗಳ ಗೊಂಬೆಯಾಗಿ ಪೀಪಾಯಿ ಹಾರುತ್ತಾ ಏರುತ್ತಾನೆ. ಮೇಲೆ ಅದೇ ಗೊರಿಲ್ಲಾ. ಅಲ್ಲಿ ಬಿಡಿಸಬೇಕಾದವರು ಮಾತ್ರ ಯಾರೂ ಇಲ್ಲ.

2023ರಲ್ಲಿ ಬಂದ ಸಿನಿಮಾ ನೂರು ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು. ಅದರಲ್ಲಿ ಪೀಚ್ ರಾಜ್ಯ ಆಳುತ್ತಾಳೆ, ಹಾರುವುದು ಹೇಗೆಂದು ಮಾರಿಯೋಗೆ ಅವಳೇ ಕಲಿಸುತ್ತಾಳೆ. ಬೌಸರನ ಕೈಗೆ ಸಿಕ್ಕವನು ಲುಯಿಜಿ. 2024ರ ಮಾರ್ಚಿನಲ್ಲಿ ಪೀಚ್ ಹೆಸರಿನ ಮತ್ತೊಂದು ಆಟ ಬಂತು. ರಂಗಮಂದಿರವೊಂದರಲ್ಲಿ ಅವಳು ಕತ್ತಿವರಸೆ, ಪತ್ತೇದಾರಿ, ಅಡುಗೆ ಹೀಗೆ ಹತ್ತು ವೇಷ ಹಾಕುತ್ತಾಳೆ. ಈ ಸಲ ಶಕ್ತಿ ಬರುವುದು ಕಲಿತ ಕೆಲಸದಿಂದ, ಕಣ್ಣೀರಿನಿಂದಲ್ಲ.

ಇನ್ನು 2025ರ ಜುಲೈನಲ್ಲಿ ಬಂದ 'ಡಾಂಕಿ ಕಾಂಗ್ ಬನಾಂಝಾ'. ಅದರಲ್ಲಿ ಪಾಲಿನ್ 13 ವರ್ಷದ ಹುಡುಗಿ, ವೇದಿಕೆ ಹತ್ತಿ ಹಾಡಲು ಅಂಜುವವಳು. ನಲವತ್ತನಾಲ್ಕು ವರ್ಷದ ಕೆಳಗೆ ಅವಳನ್ನು ಹೊತ್ತೊಯ್ದ ಗೊರಿಲ್ಲಾದ ಭುಜದ ಮೇಲೆ ಕೂತು ಪ್ರಯಾಣ ಮಾಡುತ್ತಾಳೆ. ಅವಳು ಹಾಡಿದರೆ ಗೊರಿಲ್ಲಾಕ್ಕೆ ಬಲ ಬಂದು ಬಂಡೆ ಪುಡಿಯಾಗುತ್ತದೆ. ಮನೆಯಲ್ಲಿ ಇಬ್ಬರು ಆಡುವುದಾದರೆ ಒಬ್ಬರು ಗೊರಿಲ್ಲಾ ಆಗಬಹುದು, ಇನ್ನೊಬ್ಬರು ಪಾಲಿನ್.