ರಾಮನಾಥಪುರದ ‘ಸೈಕ್ಲೋನ್ ಮಳೆ’: ದಾಖಲೆ ಓದುವವರಿಗೊಂದು ಟಿಪ್ಪಣಿ

ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಆಸುಪಾಸಿನಲ್ಲಿ ಅನೂರಾಧ ಮಳೆಯ ಹೊತ್ತಿಗೆ ರಾಗಿ ಕೊಯ್ಲಿಗೆ ಬಂದಿರುತ್ತದೆ. ಆಗ ಮೋಡ ಕವಿದು ಎರಡು ದಿನ ಜಡಿ ಹಿಡಿದರೆ ಅದು ‘ಸೈಕ್ಲೋನ್ ಮಳೆ’. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಾತ್ರ ಆ ದಿನ ಸೈಕ್ಲೋನ್ ಇರಲೇಬೇಕೆಂದಿಲ್ಲ.

ಇಲಾಖೆಯ ವರ್ಗೀಕರಣ ನಿಂತಿರುವುದು ಗಾಳಿಯ ಮೇಲೆ. ಮೂರು ನಿಮಿಷಗಳ ಸರಾಸರಿ ವೇಗ ಗಂಟೆಗೆ 31ರಿಂದ 49 ಕಿ.ಮೀ. ಇದ್ದರೆ ವಾಯುಭಾರ ಕುಸಿತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ. 62 ಮುಟ್ಟಿದರಷ್ಟೇ ಚಂಡಮಾರುತ. ಹೆಸರು ದಕ್ಕುವುದೂ ಆಗಲೇ. ಮೇಲಿನ ಮೆಟ್ಟಿಲುಗಳು ಹಲವಿವೆ, 222 ದಾಟಿದರೆ ಸೂಪರ್ ಸೈಕ್ಲೋನ್. ಈ ಏಣಿಯಲ್ಲಿ ಮಳೆಗೆ ಒಂದು ಮೆಟ್ಟಿಲೂ ಇಲ್ಲ. ಕರಾವಳಿಯ ಮೀನುಗಾರನಿಗೆ ಇದು ಸರಿಯಾದ ಅಳತೆ. ಕಾವೇರಿ ದಡದ ರಾಗಿ ಬೆಳೆಗಾರನಿಗೆ ಅಷ್ಟಾಗಿ ಒದಗದು.

ಚಂಡಮಾರುತ ಬದುಕುವುದು ಸಮುದ್ರದ ಶಾಖದಿಂದ. ನೀರಿನ ಮೇಲ್ಪದರ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು, ಮೇಲಿನ ಗಾಳಿ ಚಂಡಮಾರುತವನ್ನು ಕತ್ತರಿಸಬಾರದು, ಸುಳಿ ಕಟ್ಟಲು ಸಮಭಾಜಕ ವೃತ್ತದಿಂದ ಸಾಕಷ್ಟು ದೂರವೂ ಬೇಕು. ನೆಲಕ್ಕೆ ಬಂದೊಡನೆ ಆವಿಯ ಪೂರೈಕೆ ಕುಗ್ಗಿ ಗಾಳಿ ಸೋಲುತ್ತದೆ, ಆದರೆ ಹೊತ್ತು ತಂದ ತೇವ ಉಳಿದಿರುತ್ತದೆ. ಪುದುಚೇರಿಯಿಂದ ನೇರ ಲೆಕ್ಕದಲ್ಲಿ ಸುಮಾರು 400 ಕಿ.ಮೀ. ಒಳಗಿರುವ ರಾಮನಾಥಪುರಕ್ಕೆ ತಲುಪುವುದು ಬಹುಪಾಲು ಈ ಶೇಷವೇ.

ಎರಡು ಉದಾಹರಣೆ ಸಾಕು. 2024ರ ನವೆಂಬರ್ 29ರಂದು ಸೌದಿ ಅರೇಬಿಯಾ ಸೂಚಿಸಿದ್ದ ‘ಫೆಂಗಲ್’ ಹೆಸರು ಪಡೆದ ಚಂಡಮಾರುತ ಮರುದಿನವೇ ಪುದುಚೇರಿ ಬಳಿ ದಡ ಸೇರಿತು. ಡಿಸೆಂಬರ್ 1ರಂದು ಮತ್ತೆ ವಾಯುಭಾರ ಕುಸಿತವಾಯಿತು. ದಕ್ಷಿಣ ಒಳನಾಡಿನ ಮೇಲೆ ಹಾದು ಅರಬ್ಬೀ ಸಮುದ್ರಕ್ಕಿಳಿದದ್ದು ಅದರ ಉಳಿಕೆ. ಪತ್ರಿಕೆಗಳು ಆ ಮಳೆಯನ್ನೂ ಫೆಂಗಲ್ ಮಳೆ ಎಂದವು, ತಪ್ಪೆನ್ನಲಾಗದು. ಆದರೆ 2021ರ ನವೆಂಬರ್ 19ರ ನಸುಕಿನಲ್ಲಿ ಪುದುಚೇರಿ ಮತ್ತು ಚೆನ್ನೈ ನಡುವೆ ದಡ ದಾಟಿದ್ದು ಬರೀ ವಾಯುಭಾರ ಕುಸಿತ. ಆ ತಿಂಗಳ ಮಳೆಗೆ ದಕ್ಷಿಣ ಒಳನಾಡಿನಲ್ಲಿ ರಾಗಿ ನೆಲಕ್ಕೊರಗಿ ತೆನೆಯಲ್ಲೇ ಮೊಳೆಯಿತು. ಇಡೀ ತಿಂಗಳ ಮಳೆಯನ್ನು ಅದೊಂದರ ಲೆಕ್ಕಕ್ಕೆ ಬರೆಯಲಾಗದು, ನಿಜ. ಆದರೂ ಅದಕ್ಕೆ ಹೆಸರೇ ಇಲ್ಲ.

ಹೀಗಾಗಿ ಒಳನಾಡಿನ ಮಳೆಯ ಚರಿತ್ರೆ ಬರೆಯುವವರು ಹೆಸರಿನ ಪಟ್ಟಿ ಹಿಡಿದು ಹೊರಡಬಾರದು. ಉತ್ತರ ಹಿಂದೂ ಮಹಾಸಾಗರದಲ್ಲಿ ಹೆಸರಿಡುವ ರೂಢಿ ಶುರುವಾದದ್ದೇ 2004ರಲ್ಲಿ, ಬಾಂಗ್ಲಾದೇಶ ಕೊಟ್ಟ ‘ಒನಿಲ್’ನಿಂದ. ಇಲಾಖೆಯ ಪಥ ನಕಾಶೆಗಳಾದರೋ 1891ರಿಂದ ಇವೆ, ವಾಯುಭಾರ ಕುಸಿತಗಳೂ ಅವುಗಳಲ್ಲಿ ಸೇರಿವೆ. ತಾಳೆ ನೋಡುವಾಗ ಒಂದು ಎಚ್ಚರ: ಮಳೆಮಾಪಕ ಓದುವುದು ಬೆಳಗ್ಗೆ 8.30ಕ್ಕೆ. ಡಿಸೆಂಬರ್ 2ರ ಸಂಜೆ ಸುರಿದದ್ದು ಇಲಾಖೆಯ ಪುಸ್ತಕದಲ್ಲಿ 3ನೇ ತಾರೀಖಿನ ಮಳೆ.