ಸೆಕೆಗಾಲದಲ್ಲಿ ಗೇಮಿಂಗ್ ಕಂಪ್ಯೂಟರ್: ಬಿಸಿ ಇಳಿಸುವುದು ಹೇಗೆ?

ಗಲ್ಫ್‌ನ ಎಸಿ ಕೋಣೆಯಲ್ಲಿ ತಣ್ಣಗೆ ಓಡುತ್ತಿದ್ದ ಲ್ಯಾಪ್‌ಟಾಪ್ ರಜೆಗೆಂದು ಉಪ್ಪಳಕ್ಕೋ ಕುಂಬಳೆಗೋ ಬಂದ ಮೇಲೆ ಜೋರಾಗಿ ಸದ್ದು ಮಾಡತೊಡಗುತ್ತದೆ. ಊರಲ್ಲೇ ಜೋಡಿಸಿದ ಡೆಸ್ಕ್‌ಟಾಪ್ ಜನವರಿಯಲ್ಲಿ ಸರಿಯಾಗಿದ್ದು, ಏಪ್ರಿಲ್‌ನಲ್ಲಿ ಆಟದ ನಡುವೆಯೇ ಪಟ್ಟನೆ ಆಫ್ ಆಗುತ್ತದೆ. ಅಂಗಡಿಗೆ ಹೊತ್ತುಕೊಂಡು ಹೋದರೆ ಹೊಸ ಕೂಲರ್, ಹೊಸ ಬೋರ್ಡ್ ಎಂದು ಸಾವಿರಗಟ್ಟಲೆ ಖರ್ಚಿನ ಮಾತು ಬರುತ್ತದೆ. ಹೆಚ್ಚಿನ ಸಲ ಅಲ್ಲಿ ಯಾವ ಭಾಗವೂ ಕೆಟ್ಟಿರುವುದಿಲ್ಲ, ಬಿಸಿ ಹೊರಹೋಗುವ ದಾರಿ ಮುಚ್ಚಿರುತ್ತದೆ ಅಷ್ಟೆ. ಓದಿಗೂ ಆಟಕ್ಕೂ ಮನೆಯಲ್ಲಿ ಇರುವುದು ಅದೊಂದೇ ಕಂಪ್ಯೂಟರ್ ಆಗಿದ್ದರೆ ಈ ವಿಷಯ ತಿಳಿದಿರುವುದು ಒಳ್ಳೆಯದು.

ಬಿಸಿ ಎಲ್ಲಿಗೆ ಹೋಗುತ್ತದೆ?

ಕಂಪ್ಯೂಟರ್ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಕೋಣೆಗೇ ಸೇರುತ್ತದೆ. ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಒಂದೇ ಪೂರ್ತಿ ಕೆಲಸದಲ್ಲಿ 170 ವ್ಯಾಟ್ ಎಳೆಯುತ್ತದೆ. ಪ್ರೊಸೆಸರ್, ಮಾನಿಟರ್ ಎಲ್ಲ ಸೇರಿದರೆ 300 ವ್ಯಾಟ್ ಆಸುಪಾಸು. ಅಂದರೆ ಸೈಬರ್‌ಪಂಕ್ 2077 ಥರದ ಭಾರೀ ಆಟ ಆಡುವಾಗ 300 ವ್ಯಾಟ್‌ನ ಹೀಟರ್ ಒಂದನ್ನು ಕೋಣೆಯಲ್ಲಿ ಉರಿಸಿಟ್ಟ ಹಾಗೆ.

ಕೂಲರ್ ಎಂಬ ಹೆಸರಿದ್ದರೂ ಅದು ತಂಪು ಉಂಟುಮಾಡುವುದಿಲ್ಲ. ಚಿಪ್‌ನ ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುವುದಷ್ಟೇ ಅದರ ಕೆಲಸ. ದುಬಾರಿ ಲಿಕ್ವಿಡ್ ಕೂಲರ್ ಹಾಕಿದರೂ ಬಿಸಿ ಬಂದು ಸೇರುವುದು ಅದೇ ಕೋಣೆಗೆ. ಫ್ಯಾನ್ ವೇಗ ಅಷ್ಟೇ ಇದ್ದರೆ, ಕೋಣೆ 24 ಡಿಗ್ರಿಯಿಂದ 34ಕ್ಕೆ ಏರಿದಾಗ ಚಿಪ್ಪೂ ಸುಮಾರು 10 ಡಿಗ್ರಿ ಏರುತ್ತದೆ. ಗಲ್ಫ್‌ನಿಂದ ಬಂದ ಲ್ಯಾಪ್‌ಟಾಪ್ ಇಲ್ಲಿ ಸದ್ದು ಮಾಡುವುದು ಇದಕ್ಕೇ.

ಎಷ್ಟು ಬಿಸಿಯಾದರೆ ತೊಂದರೆ?

ಪ್ರತಿ ಚಿಪ್‌ಗೂ ತಯಾರಕರು ಹಾಕಿದ ಮಿತಿ ಇದೆ. ರೈಝನ್ 5 5600ಕ್ಕೆ 90 ಡಿಗ್ರಿ ಸೆಲ್ಸಿಯಸ್, ರೈಝನ್ 7 7800ಎಕ್ಸ್3ಡಿಗೆ 89, ಇಂಟೆಲ್‌ನ ಕೋರ್ ಐ5-12400ಕ್ಕೆ 100, ಆರ್‌ಟಿಎಕ್ಸ್ 3060 ಕಾರ್ಡ್‌ಗೆ 93. ಈ ಮಿತಿ ಹತ್ತಿರವಾದಾಗ ಚಿಪ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಮೊದಲ 10–15 ನಿಮಿಷ ಆಟ ಸಲೀಸಾಗಿದ್ದು, ಆಮೇಲೆ ಎಳೆಯತೊಡಗಿದರೆ ಇದೇ ಕಾರಣ ಇರಬಹುದು. ಬಿಸಿ ಇನ್ನೂ ಏರಿದರೆ ಯಂತ್ರ ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ.

ಮೊದಲು ಅಳತೆ ಮಾಡಿ. ಎಚ್‌ಡಬ್ಲ್ಯೂಇನ್ಫೋ ಅಥವಾ ಎಂಎಸ್‌ಐ ಆಫ್ಟರ್‌ಬರ್ನರ್ ಉಚಿತವಾಗಿ ಸಿಗುತ್ತವೆ. ಅರ್ಧ ಗಂಟೆ ಆಡಿ, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಮುಟ್ಟಿದ ಅತಿ ಹೆಚ್ಚಿನ ಉಷ್ಣಾಂಶವನ್ನು ದಿನಾಂಕ ಸಮೇತ ಬರೆದಿಡಿ. ಡೆಸ್ಕ್‌ಟಾಪ್‌ನಲ್ಲಿ ಎರಡೂ 80ರ ಒಳಗಿದ್ದರೆ ತಲೆಬಿಸಿ ಬೇಡ.

ಕೋಣೆಯಿಂದ ಶುರು ಮಾಡಿ

ಕರಾವಳಿಯ ಸೆಕೆಯಲ್ಲಿ ನಮ್ಮ ಮೈ ಬೇಯುವುದು ಬೆವರು ಒಣಗದ್ದರಿಂದ. ಕಂಪ್ಯೂಟರ್‌ಗೆ ಬೆವರಿಲ್ಲ, ಅದಕ್ಕೆ ಲೆಕ್ಕಕ್ಕೆ ಬರುವುದು ಗಾಳಿಯ ಉಷ್ಣಾಂಶ ಮಾತ್ರ. ಹಾಗಾಗಿ ಮುಚ್ಚಿದ ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ತಿರುಗಿದರೆ ನಮಗೆ ಹಾಯೆನಿಸಬಹುದು, ಕೋಣೆ ಮಾತ್ರ ತಂಪಾಗುವುದಿಲ್ಲ. ಎದುರು ಬದುರು ಕಿಟಕಿ ತೆರೆದಿಡಿ. ಇಲ್ಲವೇ ಒಂದು ಕಿಟಕಿಯಲ್ಲಿ ಬಿಸಿಗಾಳಿ ಹೊರತಳ್ಳುವ ಎಕ್ಸಾಸ್ಟ್ ಫ್ಯಾನ್ ಇಡಿ. ಟೆರೇಸ್ ಕೆಳಗಿನ ಕೋಣೆ ಹಗಲು ಕುಡಿದ ಬಿಸಿಯನ್ನು ರಾತ್ರಿಯೂ ಬಿಡುತ್ತಿರುತ್ತದೆ, ಆದ್ದರಿಂದ ಕೆಳಮಹಡಿಯ ಕೋಣೆ ಉತ್ತಮ.

ನೀರು ಹಾಕುವ ಏರ್ ಕೂಲರ್ ಆದೋನಿ, ರಾಯದುರ್ಗದಂಥ ಒಣ ಸೀಮೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಕಡೆ ಗಾಳಿಯಲ್ಲೇ ನೀರು ತುಂಬಿರುವುದರಿಂದ ಅದರಿಂದ ತಂಪು ಕಡಿಮೆ, ತೇವ ಜಾಸ್ತಿ. ಕಂಪ್ಯೂಟರ್ ಕಡೆಗಂತೂ ಅದನ್ನು ತಿರುಗಿಸಬೇಡಿ. ಎಸಿ ಕೋಣೆಯಲ್ಲಿ ತಣ್ಣಗಾದ ಲ್ಯಾಪ್‌ಟಾಪನ್ನು ಹೊರಗೆ ತಂದ ಕೂಡಲೇ ಆನ್ ಮಾಡುವುದೂ ಬೇಡ. ಮೇಲೆ ನೀರ ಹನಿ ಕೂರಬಹುದು, ಅರ್ಧ ಗಂಟೆ ಬಿಡಿ.

ಗಾಳಿಯ ದಾರಿ

ಕ್ಯಾಬಿನೆಟನ್ನು ಮೇಜಿನ ಗೂಡಿನೊಳಗೆ ತುರುಕಬೇಡಿ. ಗೋಡೆಯಿಂದ ಒಂದು ಗೇಣಾದರೂ ದೂರ, ನೆಲದಿಂದ ಸ್ವಲ್ಪ ಮೇಲೆ ಇರಲಿ. ಮುಂದಿನ ಫ್ಯಾನ್‌ಗಳು ಗಾಳಿ ಒಳಗೆಳೆಯಬೇಕು, ಹಿಂದಿನ ಮತ್ತು ಮೇಲಿನವು ಹೊರಹಾಕಬೇಕು. ಫ್ಯಾನ್‌ನ ಯಾವ ಬದಿಯಲ್ಲಿ ಪ್ಲಾಸ್ಟಿಕ್ ಕಡ್ಡಿಗಳ ಆಧಾರ ಕಾಣುತ್ತದೋ ಸಾಮಾನ್ಯವಾಗಿ ಆ ಬದಿಯಿಂದ ಗಾಳಿ ಹೊರಬರುತ್ತದೆ.

ಒಂದು ಸುಲಭ ಪರೀಕ್ಷೆ ಇದೆ. ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆದು ಅದೇ ಆಟ ಅರ್ಧ ಗಂಟೆ ಆಡಿ. ಉಷ್ಣಾಂಶ 5–10 ಡಿಗ್ರಿ ಇಳಿದರೆ ಕೂಲರ್ ಸರಿಯಿದೆ, ಕ್ಯಾಬಿನೆಟ್‌ಗೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಆಗ ಬೇಕಾದದ್ದು ಒಂದೆರಡು 120 ಮಿಲಿಮೀಟರ್ ಫ್ಯಾನ್ ಮಾತ್ರ. ಏನೂ ಇಳಿಯದಿದ್ದರೆ ಧೂಳು ಅಥವಾ ಪೇಸ್ಟ್ ಕಡೆ ನೋಡಿ.

ಧೂಳು ಮತ್ತು ಪೇಸ್ಟ್

ಒಣ ಊರಿನ ಧೂಳನ್ನು ಊದಿದರೆ ಹಾರುತ್ತದೆ. ಕಡಲ ಬದಿಯ ಧೂಳು ತೇವ, ಉಪ್ಪು ಸೇರಿ ಕೂಲರ್‌ನ ರೆಕ್ಕೆಗಳಿಗೆ ಅಂಟಿಕೊಳ್ಳುತ್ತದೆ. ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ಜಗಲಿಗೆ ತಂದು ಬ್ಲೋವರ್ ಮತ್ತು ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿಯಿರಿ. ಗ್ಯಾರೇಜಿನ ಕಂಪ್ರೆಸರ್ ಗಾಳಿಯಲ್ಲಿ ನೀರು, ಎಣ್ಣೆ ಬರುತ್ತದೆ, ಅದು ಬೇಡ. ಪವರ್ ಸಪ್ಲೈ ಪೆಟ್ಟಿಗೆಯನ್ನು ಬಿಚ್ಚಲೇಬೇಡಿ, ಪ್ಲಗ್ ತೆಗೆದರೂ ಒಳಗೆ ವಿದ್ಯುತ್ ಉಳಿದಿರುತ್ತದೆ.

ಚಿಪ್ ಮತ್ತು ಕೂಲರ್ ನಡುವಿನ ಥರ್ಮಲ್ ಪೇಸ್ಟ್ ಕೆಲವು ವರ್ಷಗಳಲ್ಲಿ ಒಣಗುತ್ತದೆ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬಟಾಣಿಗಿಂತ ಚಿಕ್ಕ ಬೊಟ್ಟು ಹಾಕಿದರೆ ಸಾಕು. 5600ರಂಥ ಎಎಂ4 ಸಾಕೆಟ್‌ನ ರೈಝನ್ ಆದರೆ ಜಾಗ್ರತೆ: ಕೂಲರನ್ನು ನೇರ ಎಳೆದರೆ ಪ್ರೊಸೆಸರೂ ಅಂಟಿಕೊಂಡು ಕಿತ್ತು ಬರಬಹುದು, ಪಿನ್ ಬಾಗಬಹುದು. ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟ್ ಮೆತ್ತಗಾಗಲು ಬಿಡಿ. ಆಮೇಲೆ ಆಫ್ ಮಾಡಿ, ಮೆಲ್ಲ ಅತ್ತಿತ್ತ ತಿರುಗಿಸಿ ತೆಗೆಯಿರಿ.

ಹುಟ್ಟುವ ಬಿಸಿಯನ್ನೇ ಕಡಿಮೆ ಮಾಡಿ

ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ನಿಮ್ಮ ಮಾನಿಟರ್ 60 ಹರ್ಟ್ಸ್‌ನದ್ದಾದರೆ ಸೆಕೆಂಡಿಗೆ 140 ಫ್ರೇಮ್ ಬಿಡಿಸಿ ಲಾಭ ಕಡಿಮೆ. ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ಮಿತಿ 60ಕ್ಕೆ ಇಡಿ, ಕಾರ್ಡ್‌ನ ಕೆಲಸ ಎಷ್ಟೋ ಹಗುರಾಗುತ್ತದೆ. ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ 80 ಶೇಕಡಾಕ್ಕೆ ಇಳಿಸಿದರೆ ಬಿಸಿ ಚೆನ್ನಾಗಿ ಇಳಿಯುತ್ತದೆ, ಆಟದ ವೇಗ ಅಷ್ಟು ಇಳಿಯುವುದಿಲ್ಲ. ರೇ ಟ್ರೇಸಿಂಗ್, ನೆರಳಿನ ಗುಣಮಟ್ಟ ಒಂದು ಹಂತ ಕಡಿಮೆ ಮಾಡಿದರೂ ಓಡುವ ಆಟದಲ್ಲಿ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ.

ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬಿನ ಮೇಲಿಟ್ಟು ಆಡಬೇಡಿ, ಗಾಳಿ ಎಳೆಯುವ ತೂತು ಇರುವುದು ಅಡಿಯಲ್ಲಿ. ಹಿಂಬದಿಗೆ ಎರಡು ಮರದ ತುಂಡು ಕೊಟ್ಟು ಒಂದಿಂಚು ಎತ್ತರಿಸಿದರೂ ಫಲ ಕಾಣುತ್ತದೆ. ವಿಂಡೋಸ್‌ನ ಪವರ್ ಸೆಟ್ಟಿಂಗ್ಸ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು 99 ಶೇಕಡಾ ಮಾಡಿದರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಟರ್ಬೊ ಬೂಸ್ಟ್ ನಿಂತು ಬಿಸಿ ಗಣನೀಯವಾಗಿ ತಗ್ಗುತ್ತದೆ.

ಯಾವಾಗ ಏನು ಮಾಡಬೇಕು?

* ತಿಂಗಳಿಗೊಮ್ಮೆ: ಮುಂದಿನ ಫಿಲ್ಟರ್ ತೆಗೆದು ತೊಳೆದು, ಪೂರ್ತಿ ಒಣಗಿಸಿ ಹಾಕಿ.
* ಫೆಬ್ರವರಿ ಕೊನೆಗೆ, ಸೆಕೆ ಏರುವ ಮೊದಲು: ಒಳಗಿನ ಧೂಳು ತೆಗೆಯಿರಿ, ಎಲ್ಲ ಫ್ಯಾನ್ ತಿರುಗುತ್ತಿವೆಯಾ ನೋಡಿ.
* ಮಳೆಗಾಲದಲ್ಲಿ: ಬಳಸದಿದ್ದರೂ ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಆನ್ ಮಾಡಿ, ಒಳಗಿನ ತೇವ ಒಣಗುತ್ತದೆ. ಸಿಡಿಲಿರುವಾಗ ಪ್ಲಗ್ ತೆಗೆದಿಡಿ.

ಸುಟ್ಟ ವಾಸನೆ ಬಂದರೆ, ಫ್ಯಾನ್ ನಿಂತಿದ್ದರೆ, ಲ್ಯಾಪ್‌ಟಾಪ್‌ನ ಬ್ಯಾಟರಿ ಉಬ್ಬಿದ್ದರೆ ಕೂಡಲೇ ಬಳಕೆ ನಿಲ್ಲಿಸಿ. ಇಷ್ಟೆಲ್ಲ ಮಾಡಿಯೂ ಉಷ್ಣಾಂಶ ಮಿತಿಯ ಹತ್ತಿರವೇ ಇದ್ದರೆ ಅಂಗಡಿಗೆ ಹೋಗಲೇಬೇಕು. ಹೋಗುವಾಗ ಬರೆದಿಟ್ಟ ಅಂಕಿಗಳು, ಮುಚ್ಚಳ ತೆಗೆದಾಗ ಎಷ್ಟು ಇಳಿಯಿತು ಎಂಬ ಲೆಕ್ಕ ಕೈಯಲ್ಲಿರಲಿ. ರಿಪೇರಿಯವರಿಗೆ ದೋಷ ಹುಡುಕಲು ಸುಲಭ, ಬೇಡದ ಭಾಗಕ್ಕೆ ಮನೆಯವರ ಹಣ ಹೋಗುವುದೂ ತಪ್ಪುತ್ತದೆ.